ಬಿರಿಸ್ತಾ: ಅಕ್ಬರನ ತುಪ್ಪ, ನಮ್ಮ ಉಳ್ಳಾಗಡ್ಡಿ

ಬಿರಿಯಾನಿ ಮೇಲೆ ಉದುರಿಸುವ ಗರಿಗರಿ ಉಳ್ಳಾಗಡ್ಡಿಗೆ ಅಡುಗೆಯವರು ‘ಬಿರಿಸ್ತಾ’ ಅಂತಾರೆ. ಬಿರಿಯಾನಿ, ಬಿರಿಸ್ತಾ ಎರಡೂ ಪಾರ್ಸಿ ಭಾಷೆಯ ಒಂದೇ ಮೂಲದ ಮಾತು. ಅರ್ಥ: ಹುರಿದದ್ದು.

16ನೇ ಶತಮಾನದ ಕೊನೆಗೆ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಬಾದಶಹನ ಅಡುಗೆಮನೆಯ ಲೆಕ್ಕವಿದೆ. ದೋಪಿಯಾಜಾ ಎಂಬ ಉಳ್ಳಾಗಡ್ಡಿ ಹಾಕಿದ ಮಾಂಸದಡುಗೆಗೆ 10 ಸೇರು ಮಾಂಸ, 2 ಸೇರು ಉಳ್ಳಾಗಡ್ಡಿ, 2 ಸೇರು ತುಪ್ಪ. ಉಳ್ಳಾಗಡ್ಡಿಯಷ್ಟೇ ತೂಕದ ತುಪ್ಪ! ಬಡವರ ರೊಟ್ಟಿ ಜೊತೆಗಿನ ಗಡ್ಡೆಯನ್ನು ಅರಮನೆಗೆ ಏರಿಸಿದ್ದು ಈ ತುಪ್ಪವೇ ಅಂತ ನನಗನಿಸುತ್ತದೆ.

ಯಾಕೆಂದರೆ ಗಡ್ಡೆಯಲ್ಲಿ 100ಕ್ಕೆ ಸುಮಾರು 89 ಪಾಲು ನೀರು. ಅದು ಆರುವ ತನಕ ಕರಿಯಬೇಕು. ಮಳೆಗಾಲದ ಬೆಳೆಯಲ್ಲಂತೂ ನೀರು ಇನ್ನೂ ಜಾಸ್ತಿ. ಗದಗ, ಚಿತ್ರದುರ್ಗದ ರೈತರನ್ನು ಕೇಳಿ: ಆ ಗಡ್ಡೆ ಬಹಳ ದಿನ ತಡೆಯಲ್ಲ, ದರ ಬಿದ್ದರೂ ಮಾರಲೇಬೇಕು. ಕರಿದದ್ದಾದರೆ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ.

ಮನೆಯಲ್ಲಿ ಎಣ್ಣೆ ಸಾಕು. ಒಂದೇ ಸಮ ತೆಳ್ಳಗೆ ಹೆಚ್ಚಿ, ಬಟ್ಟೆ ಮೇಲೆ ಹರವಿ ಆರಿಸಿ. ನಡು ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಕೈಯಾಡಿಸಿ. ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ. ಹೊರಗೆ ತೆಗೆದ ಮೇಲೂ ಬಣ್ಣ ಏರುತ್ತದೆ, ತಡವಾದರೆ ಕಹಿ.