ಎರಡು ಹೆಸರು, ಒಂದು ಪಾಸ್‌ಪೋರ್ಟ್

ಮೊನ್ನೆ ಎದುರುಮನಿ ವೈನಿ ಅರಿಷಿಣ-ಕುಂಕುಮಕ್ಕ ಬಂದಾಗ ಮುಖ ಸಣ್ಣ ಮಾಡ್ಕೊಂಡು ಕೂತಿದ್ರು. ದೀಪಾವಳಿ ಸೂಟಿಗೆ ಮಗಾ-ಸೊಸಿ ಜೋಡಿ ದುಬೈಗೆ ಹೋಗೋದು ಗಟ್ಟಿ ಆಗೇದ, ಟಿಕೀಟೂ ತಗದಾರ, ಆದ್ರ ಇವರ ಪಾಸ್‌ಪೋರ್ಟ್ ಮಾತ್ರ ಇನ್ನೂ ಬಂದಿಲ್ಲ. "ಹೆಸರಿಂದು ಏನೋ ತಕರಾರು ಅಂತ್ರಿ" ಅಂದ್ರು. ನನಗ ನಗೂನೂ ಬಂತು, ಪಾಪ ಅಂತನೂ ಅನಿಸ್ತು. ಯಾಕಂದ್ರ 2014ರಾಗ ನಾ ಇದ ಹೆಸರಿನ ಸಲುವಾಗಿ ಸಿಂಗಾಪುರ ಕಳಕೊಂಡಾಕಿ. ಅವತ್ತು ಅವರಿಗೆ ಅರ್ಧಮರ್ಧ ಹೇಳಿದ್ದನ್ನ ಇಲ್ಲೆ ಪೂರಾ ಬರೀತೀನಿ. ಸ್ವಲ್ಪ ಹಿಂದಿನಿಂದ ಶುರು ಮಾಡಬೇಕಾಗ್ತದ, ಚಹಾ ಇಟ್ಕೊಂಡು ಓದ್ರಿ.

ನಮ್ಮ ಅತ್ತಿಮನ್ಯಾಗ ಒಂದು ಹಳೇ ಟ್ರಂಕ್ ಅದ. ಅದರಾಗ ನಮ್ಮನಿಯವರ ಅಜ್ಜನ ತಮ್ಮ ಓದಲಿಕ್ಕೆ ವಿಲಾಯತಿಗೆ ಹೋದಾಗಿನ ಪಾಸ್‌ಪೋರ್ಟ್ ಸಿಕ್ಕಿತ್ತು, ಮ್ಯಾಲೆ ಬ್ರಿಟಿಷ್ ರಾಜಚಿಹ್ನೆ ಇದ್ದದ್ದು. ಒಳಗ ಒಂದು ಪುಟದಾಗ ಅವರ ಫೋಟೋ. ಅದರ ಬಾಜೂಕ ಖಾಲಿ ಜಾಗ, ಅಲ್ಲೆ ಇಂಗ್ಲೀಷಿನ್ಯಾಗ 'ಹೆಂಡತಿಯ ಫೋಟೋ' ಅಂತ ಅಚ್ಚು ಹಾಕಿತ್ತು. ಇನ್ನೊಂದು ಪುಟದಾಗ ಎತ್ತರ, ಕಣ್ಣಿನ ಬಣ್ಣ, ಕೂದಲಿನ ಬಣ್ಣ ಬರಿಯೋದಕ್ಕ ಎರಡು ಸಾಲು: ಒಂದು ಪಾಸ್‌ಪೋರ್ಟಿನ ಯಜಮಾನಗ, ಒಂದು ಅವನ ಹೆಂಡತಿಗೆ. ಕೆಳಗ ಮಕ್ಕಳ ಹೆಸರಿಗೆ ಜಾಗ. ಅಜ್ಜಿ ವಿಲಾಯತಿಗೆ ಹೋಗಲಿಲ್ಲ, ಅದಕ್ಕ ಆ ಸಾಲು ಖಾಲೀನ ಉಳದದ. ಆ ಕಾಲದಾಗ ಹೆಂಡತಿ ಗಂಡನ ಪಾಸ್‌ಪೋರ್ಟಿನ್ಯಾಗನ ಸೇರಿಕೊಂಡು ಹೋಗೋ ಪದ್ಧತಿ ಇತ್ತು. ಆ ಪುಸ್ತಕ ಹಿಡಕೊಂಡು ಗಂಡ ಒಬ್ಬನ ಹೋಗಬಹುದಿತ್ತು, ಹೆಂಡತಿ ಒಬ್ಬಾಕಿನ ಹೋಗೋ ಹಂಗಿರಲಿಲ್ಲ.

ಈ ಪುಸ್ತಕದ ಹುಟ್ಟಾದ್ರೂ ಭಾಳ ಹಳೇದಲ್ರಿ. 1914ರಾಗ ಮೊದಲನೇ ಮಹಾಯುದ್ಧ ಶುರು ಆಗೋತನಕ ಯುರೋಪಿನ ಎಷ್ಟೋ ದೇಶಕ್ಕ ಪಾಸ್‌ಪೋರ್ಟ್ ಇಲ್ಲದನ ಹೋಗಿಬರ್ತಿದ್ರು. ಯುದ್ಧದಾಗ ಗೂಢಚಾರರ ಹೆದರಿಕಿಗೆ ಎಲ್ಲಾ ಸರ್ಕಾರದವರೂ ಗಡಿಗೆ ಕಾವಲು ಹಾಕಿದ್ರು, ಕಾಗದ ಕೇಳಲಿಕ್ಕೆ ಹತ್ತಿದ್ರು. ಯುದ್ಧ ಮುಗಿದ ಮ್ಯಾಲೆ ಇದನ್ನ ತಗದಹಾಕೂಣು ಅನ್ನೋ ಮಾತಿತ್ತು. ಆದ್ರ 1920ರಾಗ ಪ್ಯಾರಿಸ್‌ನಾಗ ರಾಷ್ಟ್ರಸಂಘದ ಸಭಾ ಸೇರಿ, ಎಲ್ಲಾ ದೇಶದ ಪಾಸ್‌ಪೋರ್ಟೂ ಒಂದ ನಮೂನಿ 32 ಪುಟದ ಪುಸ್ತಕ ಇರಲಿ ಅಂತ ಠರಾವು ಮಾಡಿತು. ತಗದಹಾಕೋದು ಅಲ್ಲಿಗೇ ಉಳೀತು. ಅದ 1920ರಾಗನ ನಮ್ಮ ದೇಶದಾಗೂ ಪಾಸ್‌ಪೋರ್ಟಿನ ಕಾಯ್ದೆ ಬಂತು. ತಾತ್ಪೂರ್ತಿಕ ಅಂತ ಬಂದದ್ದು ಮನಿ ಅಳಿಯಾ ಆಗಿ ಕೂತುಬಿಡ್ತು.

ಸ್ವಾತಂತ್ರ್ಯ ಬಂದ ಮ್ಯಾಲೂ ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಅನ್ನೋದು ಸರ್ಕಾರ ಕೊಟ್ರ ಉಂಟು, ಇಲ್ಲಂದ್ರ ಇಲ್ಲ ಅನ್ನೋ ಹಂಗ ಇತ್ತು. ಯಾರಿಗೆ ಕೊಡಬೇಕು, ಯಾರಿಗೆ ಬ್ಯಾಡ ಅನ್ನೋದಕ್ಕ ಕಾಯ್ದೆನ ಇರಲಿಲ್ಲ. ಸತ್ವಂತ್ ಸಿಂಗ್ ಸಾಹ್ನಿ ಅನ್ನೋ ವ್ಯಾಪಾರಸ್ಥರಿಗೆ 'ಪಾಸ್‌ಪೋರ್ಟ್ ತಿರುಗಿ ಕೊಡ್ರಿ' ಅಂತ ಸರ್ಕಾರ ಹೇಳಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದ್ರು. 1967ರ ಏಪ್ರಿಲ್‌ನಾಗ ಐದು ಮಂದಿ ನ್ಯಾಯಮೂರ್ತಿಗಳೊಳಗ ಮೂರು ಮಂದಿ, ಪರದೇಶಕ್ಕ ಹೋಗೋದು ಮನಷ್ಯಾನ ಸ್ವಾತಂತ್ರ್ಯದ ಒಂದು ಭಾಗ, ಕಾಯ್ದೆ ಇಲ್ಲದ ಅದನ್ನ ತಡೀಲಿಕ್ಕೆ ಬರೂದಿಲ್ಲ ಅಂತ ಹೇಳಿದ್ರು. ಸರ್ಕಾರ ಗಡಬಡಿಸಿ ಅದ ವರ್ಷ ಜೂನ್ 24ಕ್ಕ ಪಾಸ್‌ಪೋರ್ಟ್ ಕಾಯ್ದೆ ತಂತು. ಕೊಡೂದಿಲ್ಲ ಅಂದ್ರ ಯಾಕ ಕೊಡೂದಿಲ್ಲ ಅಂತ ಬರೆದಿಡಬೇಕು ಅಂತ ಅದರಾಗ ಅದ. ಆಮ್ಯಾಲೆ 1977ರಾಗ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ತಗೊಂಡು, ಕಾರಣ ಕೇಳಿದ್ರ ಹೇಳೂದಿಲ್ಲ ಅಂದ್ರು. ಆ ಖಟ್ಲೆಯ ತೀರ್ಪು 1978ರ ಜನವರಿ 25ಕ್ಕ ಬಂತು. ಕಾಯ್ದೆ ಇದ್ದರಷ್ಟ ಸಾಲದು, ನಡಿಸೋ ರೀತಿನೂ ನ್ಯಾಯವಾಗಿರಬೇಕು ಅನ್ನೋದು ಅದರ ಸಾರ. ಈಗ ವಕೀಲಕಿ ಓದೋ ಹುಡುಗ್ರೆಲ್ಲಾ ಈ ಖಟ್ಲೆ ಓದ್ತಾರ. ಒಬ್ಬ ಹೆಣ್ಣಮಗಳ ಪಾಸ್‌ಪೋರ್ಟಿಂದ ಬಂದದ್ದದು.

ನಮ್ಮ ಕಡೆ ಮಂದಿಗೆ ಪಾಸ್‌ಪೋರ್ಟ್ ಅಂದ್ರ ಬೆಂಗಳೂರು. ಅರ್ಜಿ ಎಲ್ಲಾ ಅಲ್ಲಿಗೇ ಹೋಗಬೇಕು, ತಿಂಗಳಗಟ್ಟಲೆ ದಾರಿ ಕಾಯಬೇಕು. 2010ರಾಗ ಪಾಸ್‌ಪೋರ್ಟ್ ಸೇವಾ ಕೇಂದ್ರ ಅಂತ ಪ್ರಯೋಗಕ್ಕ ಶುರು ಮಾಡಿದಾಗ, ದೇಶದಾಗ ಮೊದಲ ತಗದ ಏಳರೊಳಗ ನಾಕು ನಮ್ಮ ರಾಜ್ಯದಾಗನ ಇದ್ದವು. ಎರಡು ಬೆಂಗಳೂರಾಗ, ಒಂದು ಮಂಗಳೂರಾಗ, ಒಂದು ನಮ್ಮ ಹುಬ್ಬಳ್ಳ್ಯಾಗ. ಅದಕ್ಕ 2014ರಾಗ ನಮ್ಮಣ್ಣ, "ಎಲ್ಲಾರೂ ಕೂಡಿ ಮೇ ಸೂಟಿಗೆ ಮಲೇಶಿಯಾ-ಸಿಂಗಾಪುರ ಹೋಗೂಣು, ಅವ್ವಗ ಒಮ್ಮೆ ಸಮುದ್ರ ದಾಟಸೂಣು" ಅಂದಾಗ ಯಾರಿಗೂ ಪಾಸ್‌ಪೋರ್ಟಿನ ಚಿಂತಿ ಹತ್ತಲಿಲ್ಲ.

ಅವ್ವಗ ಆಗ ಎಪ್ಪತ್ತೊಂದು. ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಹುಟ್ಟಿದ ತಾರೀಖಿನ ದಾಖಲೆ ಎಲ್ಲಿಂದ ಬರಬೇಕು? ಸಾಲಿ ಕಲೀದವರಿಗೆ ಪ್ರಮಾಣಪತ್ರ ನಡೀತಿತ್ತು, ಅಣ್ಣ ಅದನ್ನ ಮಾಡಿಸಿದ. ಮೂರ ವಾರದಾಗ ಅವ್ವನ ಪಾಸ್‌ಪೋರ್ಟ್ ಬಂತು. ಪಿಯುಸಿ ಪಾಸಾದ ನಾನು ಸಿಕ್ಕೊಂಡೆ.

ಯಾಕಂದ್ರ, ಹತ್ತನೇತ್ತೆ ಮಾರ್ಕ್ಸ್ ಕಾರ್ಡ್ ಹಚ್ಚು, ಇಲ್ಲಂದ್ರ ಪಾಸ್‌ಪೋರ್ಟಿಗೆ 'ವಲಸೆ ತಪಾಸಣಿ ಬೇಕು' ಅನ್ನೋ ಶಿಕ್ಕಾ ಬೀಳ್ತದ, ಮಲೇಶಿಯಾ ಆ ಪಟ್ಟಿಯೊಳಗ ಅದ ಅಂತ ಯಾರೋ ಹೆದರಿಸಿದ್ರು. ಆ ನಿಯಮ ಇರೋದು ಕೂಲಿ-ಕೆಲಸಕ್ಕ ಹೋದವರಿಗೆ ಅಲ್ಲೆ ಮೋಸ ಆಗಬಾರದು ಅಂತ. ಊರು ನೋಡಲಿಕ್ಕೆ ಹೋಗೋರಿಗೆ ಅದರ ಕಾಟ ಇಲ್ಲ ಅನ್ನೋದು ನನಗ ಆಮ್ಯಾಲೆ ತಿಳೀತು. ಮಾರ್ಕ್ಸ್ ಕಾರ್ಡ್ ಹಚ್ಚಿದೆ. ಅದರಾಗ ನನ್ನ ತವರುಮನಿ ಹೆಸರು. ಉಳಿದ ಕಾಗದದಾಗೆಲ್ಲಾ ಮದುವ್ಯಾಗ ಇವರು ತಾಟಿನ್ಯಾಗ ಅಕ್ಕಿ ಹರವಿ ಉಂಗುರಲೆ ಬರೆದ ಹೆಸರು. ಅಡ್ಡಹೆಸರು ಅಷ್ಟ ಅಲ್ಲ, ಇಡೀ ಹೆಸರನ ಬ್ಯಾರೆ. ನಿಮ್ಮೊಳಗ ಅರ್ಧ ಮಂದಿ ನನ್ನ ಆ ಹೆಸರಿಲೆ ಕರೀತೀರಿ, ಅರ್ಧ ಮಂದಿ ಈ ಹೆಸರಿಲೆ, ನಿಮಗೇನು ಹೊಸಾದಲ್ಲ.

ಕೌಂಟರಿನ್ಯಾಗ ಕೂತ ಹುಡುಗ ಭಾಳ ಮರ್ಯಾದಿಲೆ ಕೇಳಿದ. "ಅಮ್ಮಾ, ಈ ಮಾರ್ಕ್ಸ್ ಕಾರ್ಡಿನವರು ಯಾರ್ರಿ?"

"ನಾನರೀ."

"ಮತ್ತ ಈ ಆಧಾರ ಕಾರ್ಡಿನವರು?"

"ಅವರೂ ನಾನರೀ."

ಅಂವ ನಕ್ಕ. ನನಗ ನಗು ಬರಲಿಲ್ಲ. ಗಂಡಾ-ಹೆಂಡ್ತಿ ಜೋಡಿ ಫೋಟೋ ಹಚ್ಚಿ ಪ್ರಮಾಣಪತ್ರ ತರ್ರಿ, ಎರಡು ಪೇಪರಿನ್ಯಾಗ ಹೆಸರು ಬದಲಾದ ಜಾಹೀರಾತು ಕೊಟ್ಟು ಅದರ ತುಣುಕು ತರ್ರಿ ಅಂದ. ಕೊಟ್ವಿ. ನನ್ನ ಹೆಸರು ಪೇಪರಿನ್ಯಾಗ ಬಂದದ್ದು ಜನ್ಮದಾಗ ಅದೊಂದ ಸಲ. 'ಇನ್ನು ಮುಂದೆ ಈ ಹೆಸರಿನಿಂದ ಕರೆಯಲ್ಪಡುತ್ತೇನೆ' ಅಂತ ಅಚ್ಚಾಗಿತ್ತು. ಮದುವಿ ಆಗಿ ಇಪ್ಪತ್ನಾಕು ವರ್ಷ ಆಗಿತ್ತು ಅವಾಗ! ಇವರು ಆ ತುಣುಕು ಕತ್ತರಸಕೋತ, "ನಾ ಉಂಗುರಲೆ ಬರಿಯೋ ಮುಂದ ಇಷ್ಟ ಖರ್ಚು ಬರ್ತದಂತ ಗೊತ್ತಿದ್ರ ಬರೀತಿದ್ದಿಲ್ಲ" ಅಂದ್ರು. ಚಾಷ್ಟಿ ಮಾಡಿದ್ದು ಅಂತ ಗೊತ್ತು, ಆದ್ರೂ ಅವತ್ತು ನನಗ ಸಿಟ್ಟು ಬಂದಿತ್ತು. ಹೆಸರು ಬದಲಾಗಿದ್ದು ನಂದು, ಓಡ್ಯಾಡಿದ್ದೂ ನಾನ.

ಇದರಾಗನ ಮಾರ್ಚ್ ಮುಗೀತು. ಪೋಲಿಸ್ ತಪಾಸಣಿಗೆ ಬಂದ ದಿವಸ ನಾವು ಭಾವನ ಮಗನ ಮುಂಜಿವಿಗೆ ಹೋಗಿದ್ವಿ, ಮನಿಗೆ ಕೀಲಿ. ಮತ್ತ ಅವರು ಬರೋದ್ರಾಗ ಏಪ್ರಿಲ್ ಅರ್ಧ ಆತು. ಆವಾಗ ಇದ ಎದುರುಮನಿ ವೈನಿನ ಸಾಕ್ಷಿ ಸಹಿ ಮಾಡಿದಾಕಿ, ಆಕಿಗೆ ನೆನಪದನೋ ಇಲ್ಲೋ. ಪಾಸ್‌ಪೋರ್ಟ್ ಟಪಾಲಿನ್ಯಾಗ ಬಂದದ್ದು ಮೇ 2ಕ್ಕ. ವಿಮಾನ ಇದ್ದದ್ದು 6ಕ್ಕ. ಉಳಿದವರ ವೀಸಾ ಆಗಲೇ ಆಗಿ ಕೈಯಾಗ ಬಂದಿತ್ತು. ನಾಕ ದಿವಸದಾಗ ಎರಡು ದೇಶದ ವೀಸಾ ಕೂಡಿಸಿ ಕೊಡೋದು ಆಗೂದಿಲ್ಲ ಅಂದ್ರು ಟೂರಿನವರು. ಪಾಸ್‌ಪೋರ್ಟ್ ಅಂದ್ರ ಅರ್ಧ ದಾರಿ ಅಷ್ಟ ಅನ್ನೋದು ಆವಾಗ ತಿಳೀತು ನನಗ.

ಅವ್ವ "ನೀ ಇಲ್ಲಂದ್ರ ನಾನೂ ಬ್ಯಾಡ" ಅಂತ ಹಟಾ ಹಿಡದ್ಲು. ನಾನ ಬೈದು ಕಳಿಸಿದೆ. ಚಕ್ಕಲಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಟ್ಟೆ. ಬೆಂಗಳೂರು ರೈಲು ಹೋದ ಮ್ಯಾಲೆ ಮನಿಗೆ ಬಂದು ಆ ಹೊಸ ಪುಸ್ತಕ ಬಿಚ್ಚಿ 36 ಪುಟಾನೂ ತಿರಿವಿ ಹಾಕಿದೆ. ಎಲ್ಲಾ ಖಾಲಿ.

ಈಗ ಕಾಲ ಸುಧಾರಿಸೇದ. 2016ರ ಡಿಸೆಂಬರ್‌ನಾಗ ನಿಯಮ ಸಡಲ ಮಾಡಿದ್ರು, ಮದುವಿ ಪ್ರಮಾಣಪತ್ರ ಕೊಡಲೇಬೇಕು ಅನ್ನೋದು ಹೋತು. 2017ರ ಜನವರಿಯಿಂದ ಪೋಸ್ಟ್ ಆಫೀಸಿನ್ಯಾಗೂ ಪಾಸ್‌ಪೋರ್ಟ್ ಕೇಂದ್ರ ತಗದ್ರು, ಮೊದಲಿನ ಎರಡರೊಳಗ ಒಂದು ನಮ್ಮ ಮೈಸೂರಾಗ. ನನ್ನ ಮಗಳು ಮದುವ್ಯಾಗ ಹೆಸರು ಬದಲಿಸಲಿಲ್ಲ. ಅತ್ತಿಯವರು ತಾಟು, ಅಕ್ಕಿ ತಂದಿಟ್ಟಿದ್ರು. ಅಳಿಯಾ ಅದರಾಗ ಆಕಿ ಇದ್ದ ಹೆಸರನ ಬರದ. ನಾನ ಮೊದಲ ಹೇಳಿಟ್ಟಿದ್ದೆ.

ವೈನಿಗೆ ನಾ ಹೇಳಿದ್ದು ಇಷ್ಟ. ಟಿಕೀಟು ತಗಸೋಕಿಂತ ಮೊದಲ ಎಲ್ಲಾ ಕಾಗದ ನೆಲದಮ್ಯಾಲೆ ಹರವಿ, ಹೆಸರಿನ ಒಂದೊಂದ ಅಕ್ಷರ ತಾಳೆ ನೋಡ್ರಿ. ಹಳೇ ಪಾಸ್‌ಪೋರ್ಟ್ ಇದ್ದವರು ಅವಧಿ ಇನ್ನೂ ಆರು ತಿಂಗಳು ಉಳದದನೋ ಇಲ್ಲೋ ನೋಡ್ಕೋರಿ, ಭಾಳ ದೇಶದವರು ಅದನ್ನ ಕೇಳ್ತಾರ. ಅಷ್ಟಾಗಿನೂ ಬರಲಿಲ್ಲಂದ್ರ ನೇಪಾಳಕ್ಕ ಹೋಗಿಬರ್ರಿ, ಮತದಾರರ ಚೀಟಿ ಇದ್ರ ಸಾಕು.

ಹೋದ ವರ್ಷ ಪಾಸ್‌ಪೋರ್ಟ್ ಹೊಸಾದು ಮಾಡಿಸಿದೆ. ಹಳೇದನ್ನ ತೋರಿಸಿದ್ರ ಸಾಕಾತು, ಯಾರೂ ಏನೂ ಕೇಳಲಿಲ್ಲ. ಅಜ್ಜನ ಪುಸ್ತಕದಾಗ ಅಜ್ಜಿಗೆ ಒಂದು ಸಾಲು ಇತ್ತಲ್ರಿ, ನನ್ನದರಾಗ ಇವರು ಕಡೀ ಪುಟದಾಗ ಒಂದು ಸಾಲು. ಅದರ ಮ್ಯಾಲೆ ಅಪ್ಪನ ಹೆಸರು, ಅವ್ವನ ಹೆಸರು. 2014ರಾಗ ಅರ್ಜಿ ತುಂಬೋ ಮುಂದ, "ಅವ್ವಾ, ನಿನ್ನ ಹೆಸರು ಕೇಳ್ಯಾರ" ಅಂದಿದ್ದೆ. ಅವ್ವ ಕಾಯಿಪಲ್ಯಾ ಹೆಚ್ಚೋದು ನಿಲ್ಲಿಸಿ, "ಯಾವುದು?" ಅಂದ್ಲು. ಆಕಿಗೂ ಒಂದು ತವರುಮನಿ ಹೆಸರಿತ್ತು ಅನ್ನೋದು ನಲವತ್ತೈದನೇ ವಯಸ್ಸಿನ್ಯಾಗ ನನಗ ಗೊತ್ತಾಗಿದ್ದು! ಪಾಸ್‌ಪೋರ್ಟಿನ್ಯಾಗ ಅಚ್ಚಾಗಿದ್ದು ಅಪ್ಪ ಇಟ್ಟ ಹೆಸರು. ಅವ್ವ ಹೋಗಿ ಆರು ವರ್ಷ ಆತು. ಆ ಇನ್ನೊಂದು ಹೆಸರು ಯಾವ ಕಾಗದದಾಗೂ ಇಲ್ಲ. ಅದನ್ನ ನಾನು ಅರ್ಜಿಯ ಝೆರಾಕ್ಸಿನ ಹಿಂದ ಪೆನ್ಸಿಲಿಲೆ ಬರೆದು, ಪಾಸ್‌ಪೋರ್ಟಿನ ಕವರಿನ್ಯಾಗ ಮಡಚಿ ಇಟ್ಟೀನಿ.