ಕಾಲಾಘೋಡಾದ ಮೆಟ್ಟಿಲು, ಕನ್ನಡದ ಅರ್ಥಗಾರಿಕೆ

ಮುಂಬಯಿಯ ಫೋರ್ಟ್ ಪರಿಸರಕ್ಕೂ ಕನ್ನಡಿಗರಿಗೂ ಇರುವ ನಂಟು ಬಹುಮಟ್ಟಿಗೆ ದುಡಿಮೆಯ ನಂಟು. ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯ ಕ್ಯಾಂಟೀನಿನಲ್ಲಿಯೋ ದುಡಿದು, ಸಂಜೆ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತ ತುಳುನಾಡಿನ ಹುಡುಗರ ಕತೆಯನ್ನು ನಮ್ಮ ಹಿರಿಯರು ಬೇಕಾದಷ್ಟು ಬರೆದಿದ್ದಾರೆ, ನಾವು ಓದಿ ಹೆಮ್ಮೆಪಟ್ಟಿದ್ದೇವೆ. ಅದೇ ಬೀದಿಗಳಲ್ಲಿ ನಡೆದ ಇನ್ನೊಂದು ಕತೆಯನ್ನು ಮಾತ್ರ ನಾವು ಅಷ್ಟಾಗಿ ಹೇಳಿಕೊಂಡಿಲ್ಲ. ಕಾಲಾಘೋಡಾದಲ್ಲಿ ನಿಂತಿರುವ ಜಹಾಂಗೀರ್ ಆರ್ಟ್ ಗ್ಯಾಲರಿ ಹುಟ್ಟಬೇಕೆಂದು ಪಟ್ಟುಹಿಡಿದವರಲ್ಲಿ ಒಬ್ಬರು ಉಡುಪಿಯ ಸಮೀಪದ ಕಟ್ಟಿಂಗೇರಿಯವರು. ಒಂದೇ ಸೀಮೆಯಿಂದ ಬಂದ ಜನ, ಒಂದೇ ಬೀದಿಯಲ್ಲಿ ನಡೆದಾಡಿದ ಜನ. ಆದರೂ ಹೋಟೆಲಿನ ಕತೆಗೂ ಗ್ಯಾಲರಿಯ ಕತೆಗೂ ಮುಖಾಮುಖಿಯಾದದ್ದು ಕಡಿಮೆ. ನಡುವೆ ಇದ್ದದ್ದು ನಾಲ್ಕು ಮೆಟ್ಟಿಲುಗಳಷ್ಟೆ. ಆ ಮೆಟ್ಟಿಲುಗಳನ್ನು ನಮ್ಮವರು ಏಕೆ ಹತ್ತಲಿಲ್ಲ, ಹತ್ತಲು ಏನು ಬೇಕಾಗಿತ್ತು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ. ತಂದೆ ಚೌತಿಗೆ ಗಣಪತಿಯ ಮೂರ್ತಿ ಮಾಡುತ್ತಿದ್ದವರು. ಬಡತನದ ನಡುವೆ ಊರಿನ ಕೋಲ, ಯಕ್ಷಗಾನಗಳ ಬಣ್ಣಗಳನ್ನು ಕಣ್ಣಲ್ಲಿ ತುಂಬಿಕೊಂಡು ಬೆಳೆದ ಅವರು ಮುಂಬಯಿಗೆ ಬಂದು ಮೊದಲು ಕಲಿತದ್ದು ಜಿ.ಎಸ್. ದಂಡಾವತಿಮಠ ಅವರು ನಡೆಸುತ್ತಿದ್ದ ನೂತನ ಕಲಾಮಂದಿರದಲ್ಲಿ. ಕನ್ನಡ ನಾಡಿನಿಂದ ಬಂದ ಕಲಾವಿದರಿಗೆ ಆ ಶಾಲೆ ಆ ಕಾಲದಲ್ಲಿ ತವರುಮನೆಯಂತಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೆಲ್ಲ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದನ್ನು ನೆನೆದರೆ ಇದು ಸಹಜವೇ. ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಪಾಸಾಗಿ ಊರ ಶಾಲೆಯ ಮಾಸ್ತರರಾದವರಿಂದ ಮೊದಲುಗೊಂಡು ಪಟ್ಟಣಕ್ಕೆ ಬಂದು ಕಲಾವಿದರಾದವರವರೆಗೆ ಉತ್ತರ ಕರ್ನಾಟಕದ ಚಿತ್ರಗಾರರು ಮುಖಮಾಡುತ್ತಿದ್ದುದು ಮುಂಬಯಿಯ ಕಡೆಗೆ. ಹೆಬ್ಬಾರರು ಮುಂದೆ ಸರ್ ಜೆ.ಜೆ. ಕಲಾಶಾಲೆಯಲ್ಲಿ ಓದಿ, 1940ರ ದಶಕದಲ್ಲಿ ಅಲ್ಲಿಯೇ ಕೆಲವು ವರ್ಷ ಪಾಠ ಹೇಳಿದರು. ಆ ದಶಕದ ಕೊನೆಯಲ್ಲಿ ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ಗೆ ಹೋಗಿ ಬಂದರು. ಗೆರೆಯ ಲಯ ಮೈಗೆ ಹತ್ತಬೇಕೆಂದು ಕಥಕ್ ನೃತ್ಯವನ್ನೂ ಕ್ರಮವಾಗಿ ಅಭ್ಯಾಸ ಮಾಡಿದರು. ಹಾಡುವ ಗೆರೆ ಎಂದು ಅವರ ರೇಖಾಚಿತ್ರಗಳಿಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಆ ದಿನಗಳ ಮುಂಬಯಿಯಲ್ಲಿ ಕಲಾವಿದರಿಗೆ ಕೊರತೆಯಿರಲಿಲ್ಲ. 1888ರಲ್ಲಿ ಹುಟ್ಟಿದ ಬಾಂಬೆ ಆರ್ಟ್ ಸೊಸೈಟಿ ಇತ್ತು, 1947ರಲ್ಲಿ ಕೂಡಿಕೊಂಡ ಪ್ರಗತಿಶೀಲ ಕಲಾವಿದರ ಬಳಗವಿತ್ತು. ಇಲ್ಲದಿದ್ದುದು ಊರಿನ ಯಾರು ಬೇಕಾದರೂ ಬಂದು ಚಿತ್ರ ನೋಡಬಹುದಾದ ಒಂದು ಸ್ಥಿರ ತಾಣ. ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಸರ್ ಕಾವಸಜಿ ಜಹಾಂಗೀರರನ್ನು ಇದಕ್ಕಾಗಿ ಒತ್ತಾಯಿಸಿದರು. ತೀರಿಕೊಂಡ ಮಗ ಜಹಾಂಗೀರನ ನೆನಪಿಗೆ ಕಾವಸಜಿಯವರು ನೀಡಿದ ದೇಣಿಗೆಯಿಂದ, ವಸ್ತುಸಂಗ್ರಹಾಲಯದ ಆವರಣಕ್ಕೆ ತಾಗಿದಂತೆ ಕಟ್ಟಡ ಎದ್ದಿತು. ವಾಸ್ತುಶಿಲ್ಪಿ ದುರ್ಗಾ ಬಾಜಪೇಯಿ ಕಮಾನು ಗುಮ್ಮಟಗಳ ಗೊಡವೆಗೆ ಹೋಗದೆ ಕಾಂಕ್ರೀಟಿನಲ್ಲಿ ಸರಳವಾದ ಹೊಸ ಕಟ್ಟಡವನ್ನು ರೂಪಿಸಿದರು. 1952ರ ಜನವರಿ 21ರಂದು ಮುಂಬಯಿಯ ಮುಖ್ಯಮಂತ್ರಿ ಬಿ.ಜಿ. ಖೇರ್ ಅದನ್ನು ಉದ್ಘಾಟಿಸಿದರು.

ಈ ಗ್ಯಾಲರಿಯ ನಡಾವಳಿಯಲ್ಲಿ ಒಂದು ವಿಶೇಷವಿದೆ. ಇದಕ್ಕೆ ಕಾಯಂ ಸಂಗ್ರಹದ ಹಂಗಿಲ್ಲ. ಸಭಾಂಗಣಗಳನ್ನು ಕಲಾವಿದರು ಒಂದೊಂದು ವಾರಕ್ಕೆ ಪಡೆಯುತ್ತಾರೆ; ಸರದಿಗಾಗಿ ವರ್ಷಗಟ್ಟಲೆ ಕಾಯುವವರೂ ಉಂಟು. ನೋಡುವವರಿಗೆ ಪ್ರವೇಶಶುಲ್ಕವಿಲ್ಲ. ಆ ಏಳು ದಿನ ಚಿತ್ರ ಬರೆದವರು ತಮ್ಮ ಚಿತ್ರಗಳ ನಡುವೆಯೇ ಒಂದು ಮೇಜು, ಒಂದು ಕುರ್ಚಿ, ಒಂದು ಅಭಿಪ್ರಾಯ ಪುಸ್ತಕ ಇಟ್ಟುಕೊಂಡು ಕುಳಿತಿರುತ್ತಾರೆ. ‘ಇದೇನು ಬರೆದಿದ್ದೀರಿ?’ ಎಂದು ಯಾರು ಬೇಕಾದರೂ ಕೇಳಬಹುದು. ಉಪನ್ಯಾಸ, ಮಾರ್ಗದರ್ಶಿತ ವೀಕ್ಷಣೆ, ಕಾರ್ಯಾಗಾರ ಎಂಬ ಹೆಸರುಗಳೆಲ್ಲ ಬಳಕೆಗೆ ಬರುವ ಮೊದಲೇ ಮುಂಬಯಿಯಲ್ಲಿ ಚಿತ್ರದ ಮುಂದೆ ಮಾತು ನಡೆಯುತ್ತಿದ್ದುದು ಹೀಗೆ. ಕೇಳುವ ಧೈರ್ಯವೊಂದಿದ್ದರೆ ಸಾಕಾಗಿತ್ತು. ಆ ಧೈರ್ಯ ಎಲ್ಲರಿಗೂ ಇರಲಿಲ್ಲ.

ಚಿತ್ರಶಾಲೆಯ ಬಾಗಿಲು ತೆರೆದಿಟ್ಟರೆ ಸಾಲದು, ಒಳಗೆ ಬಂದವರೊಡನೆ ಮಾತಾಡುವವರೂ ಬೇಕು ಎಂಬ ತಿಳಿವಳಿಕೆ ಲೋಕದಲ್ಲಿ ಬಂದದ್ದೇ ತಡವಾಗಿ. ಪ್ಯಾರಿಸಿನ ಲೂವ್ರ್ ಅರಮನೆ 1793ರಲ್ಲಿ ಜನರಿಗೆ ತೆರೆಯಿತು. ಅಮೆರಿಕದ ಬಾಸ್ಟನ್ ನಗರದ ಕಲಾಸಂಗ್ರಹಾಲಯವು ಪ್ರೇಕ್ಷಕರಿಗೆ ಚಿತ್ರಗಳನ್ನು ವಿವರಿಸುವುದಕ್ಕೆಂದೇ ಜನರನ್ನು ಗೊತ್ತುಮಾಡಿದ್ದು 1907ರಲ್ಲಿ. ನಡುವೆ ನೂರಕ್ಕೂ ಹೆಚ್ಚು ವರ್ಷ.

ಮುಂಬಯಿಯಲ್ಲೂ ಮೊದಲು ಬಂದದ್ದು ಕಟ್ಟಡಗಳು. ಬೈಕಲಾದ ರಾಣಿಬಾಗಿನಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯ 1872ರಲ್ಲಿ ತೆರೆಯಿತು. ಈಗ ಅದರ ಹೆಸರು ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯ. ಜಾರ್ಜ್ ವಿಟೆಟ್ ರೂಪಿಸಿದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ 1922ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈಗಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ ಅದೇ. ಅದರೆದುರು, ಅದೇ ವಿಟೆಟ್ 1911ರಲ್ಲಿ ಕಟ್ಟಿದ ಕಾವಸಜಿ ಜಹಾಂಗೀರ್ ಸಭಾಭವನವು ಹಲವು ದಶಕ ಸಭೆ, ಕಛೇರಿಗಳಿಗೆ ಆಸರೆಯಾಗಿದ್ದು, 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ಹೊರಗೋಡೆ ಹಳೆಯದು, ಒಳಗೆ ಅರ್ಧಚಂದ್ರಾಕಾರದ ಅಂತಸ್ತುಗಳು ಒಂದರ ಮೇಲೊಂದು ಏರಿವೆ. ಹೆಬ್ಬಾರರು ತೀರಿಕೊಂಡದ್ದು ಅದೇ 1996ರ ಮಾರ್ಚಿಯಲ್ಲಿ. ಗ್ಯಾಲರಿ ತೆರೆದದ್ದು ಅದಾದ ಮೇಲೆ.

ಮಾತು ಕಟ್ಟಡಗಳ ಹಿಂದೆ ನಿಧಾನವಾಗಿ ಬಂದಿತು. ಇಂದು ರಾಷ್ಟ್ರೀಯ ಗ್ಯಾಲರಿಯಲ್ಲಿ ಉಪನ್ಯಾಸಗಳಿವೆ, ಪ್ರದರ್ಶನವನ್ನು ಸುತ್ತಿ ತೋರಿಸುವ ಏರ್ಪಾಡುಗಳಿವೆ, ಮಕ್ಕಳ ಕಾರ್ಯಾಗಾರಗಳಿವೆ. 1999ರಿಂದ ನಡೆಯುತ್ತಿರುವ ಕಾಲಾಘೋಡಾ ಕಲಾ ಉತ್ಸವದಲ್ಲಿ ಬೀದಿಯೇ ಪಾಠಶಾಲೆಯಾಗುತ್ತದೆ. ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವು 2015ರಿಂದ ಬಸ್ಸೊಂದರಲ್ಲಿ ಪ್ರದರ್ಶನವನ್ನು ತುಂಬಿ ಶಾಲೆಗಳ ಬಾಗಿಲಿಗೇ ಕಳುಹಿಸತೊಡಗಿತು. ಭಾವು ದಾಜಿ ಲಾಡ್ ಸಂಗ್ರಹಾಲಯ ಇಂಗ್ಲಿಷಿನ ಜೊತೆಗೆ ಮರಾಠಿ, ಹಿಂದಿಗಳಲ್ಲೂ ವೀಕ್ಷಣೆಗಳನ್ನು ನಡೆಸಿದೆ. ರಾಣಿಬಾಗಿಗೆ ಪ್ರಾಣಿಗಳನ್ನು ನೋಡಲು ಬರುವ ಸಂಸಾರಗಳೇ ಪಕ್ಕದ ಸಂಗ್ರಹಾಲಯಕ್ಕೂ ಹೊಕ್ಕು ಬರುತ್ತವೆ ಎಂಬುದನ್ನು ಗಮನಿಸಿದರೆ ಈ ಭಾಷೆಯ ಆಯ್ಕೆಯ ಬೆಲೆ ತಿಳಿಯುತ್ತದೆ. ತಾಯಿ ಮಾತಾಡುವ ನುಡಿಯಲ್ಲಿ ಒಬ್ಬರು ವಿವರಿಸತೊಡಗಿದರೆ ಆಕೆ ಮಗುವಿನ ಕೈ ಹಿಡಿದು ಇನ್ನೂ ನಾಲ್ಕು ಹೆಜ್ಜೆ ಮುಂದೆ ಬರುತ್ತಾಳೆ.

ಇಲ್ಲಿ ನಮ್ಮ ಪ್ರಶ್ನೆ ಎದುರಾಗುತ್ತದೆ. ಈ ಗ್ಯಾಲರಿಗಳ ಅಂಗಳದಲ್ಲಿ ನಾವು ಕೇಳಿದ ಮಾತು ಇಂಗ್ಲಿಷು, ಮರಾಠಿ, ಹಿಂದಿ, ಕನ್ನಡವನ್ನು ಕೇಳಲಿಲ್ಲ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಬೇರೆ ನಾಡಿನಲ್ಲಿ ನೆಲೆನಿಂತವರ ನುಡಿಯಲ್ಲಿ ಅಲ್ಲಿನ ಸಂಸ್ಥೆಗಳು ತಾವಾಗಿ ಮಾತಾಡಬೇಕೆಂದು ಬಯಸುವುದು ನ್ಯಾಯವೂ ಅಲ್ಲ. ಆದರೆ ನಾವೇನು ಮಾಡಿದೆವು? ನಾಟಕ, ಯಕ್ಷಗಾನ, ತಾಳಮದ್ದಳೆ, ಕವಿಗೋಷ್ಠಿ, ಶತಮಾನೋತ್ಸವ, ಪ್ರಶಸ್ತಿ ಪ್ರದಾನ ಇವೆಲ್ಲವನ್ನೂ ಮಾಟುಂಗದಿಂದ ಡೊಂಬಿವಲಿಯವರೆಗೆ ನಡೆಸಿದ ನಾವು ಚಿತ್ರದ ಗೋಡೆಯ ಮುಂದೆ ನಿಂತು ಕನ್ನಡದಲ್ಲಿ ಮಾತಾಡಲು ಹೊರಟದ್ದು ಅಪರೂಪ.

ಚಿತ್ರ ನಮಗೆ ಅಪರಿಚಿತವಾಗಿತ್ತು ಎನ್ನುವಂತಿಲ್ಲ. ಕಲಬುರಗಿಯಿಂದ ಬಂದ ಎಸ್.ಎಂ. ಪಂಡಿತರು ಇದೇ ಮುಂಬಯಿಯಲ್ಲಿ ಕುಳಿತು ಬರೆದ ದೇವಾನುದೇವತೆಗಳ ಕ್ಯಾಲೆಂಡರುಗಳು ಅಡುಗೆಮನೆಗಳಲ್ಲೂ ಅಂಗಡಿಗಳಲ್ಲೂ ತೂಗಾಡಿದವು. ಅವರ ಸಿನಿಮಾ ಪೋಸ್ಟರುಗಳು ಬೀದಿಯಲ್ಲಿ ಬೆಳಗಿದವು. ಪಂಡಿತರೂ ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಕಲಿತವರೇ. ಒಂದೇ ಗುರುವಿನ ಬಳಿ ಕಲಿತ ಇಬ್ಬರಲ್ಲಿ ಒಬ್ಬರ ಚಿತ್ರ ವಿವರಣೆಯ ಅಗತ್ಯವೇ ಇಲ್ಲದೆ ಮನೆಮನೆಯನ್ನು ಸೇರಿತು, ಏಕೆಂದರೆ ಅದರ ಕತೆ ನೋಡುವವರಿಗೆ ಮೊದಲೇ ಗೊತ್ತಿತ್ತು. ಇನ್ನೊಬ್ಬರ ಚಿತ್ರ ಗ್ಯಾಲರಿಯ ಗೋಡೆಯಲ್ಲಿ ನಿಂತು, ಯಾರಾದರೂ ಕೈಹಿಡಿದು ಕರೆತರಲಿ ಎಂದು ಕಾಯಿತು.

ಕೈಹಿಡಿಯುವ ಆ ಕೆಲಸಕ್ಕೆ ನಮ್ಮಲ್ಲಿ ಹಳೆಯ ಹೆಸರುಗಳೇ ಇವೆ. ಗಮಕಿಗಳು ಪದ್ಯವನ್ನು ಹಾಡಿದರೆ ವ್ಯಾಖ್ಯಾನಕಾರರು ಅರ್ಥವನ್ನು ಬಿಡಿಸುತ್ತಾರೆ. ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳಿ ನಿಲ್ಲಿಸಿದಲ್ಲಿಂದ ಅರ್ಥಧಾರಿಯ ಮಾತು ಮೊದಲಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರಿಯ ಮಾತಿನಿಂದ ಕರ್ಣನ ಸಂಕಟ ಕಣ್ಣಮುಂದೆ ನಿಲ್ಲುತ್ತದೆ. ಮಹಾರಾಷ್ಟ್ರದ ಕೊಂಕಣದಲ್ಲಿರುವ ಪಿಂಗುಳಿಯ ಚಿತ್ರಕಥಿಗಳು ಚಿತ್ರದ ಹಾಳೆಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಕತೆ ಹೇಳುತ್ತಿದ್ದರು. ಹಾಗಿರುವಾಗ ಗ್ಯಾಲರಿಯಲ್ಲಿ ಚಿತ್ರದ ಮುಂದೆ ನಿಂತು ಮಾತಾಡುವುದು ಪಶ್ಚಿಮದಿಂದ ಬಂದ ಹೊಸ ಶಿಷ್ಟಾಚಾರವೆಂದು ನಾವು ಹಿಂಜರಿಯಬೇಕಾಗಿಲ್ಲ. ಅದು ಅರ್ಥಗಾರಿಕೆಯೇ. ರಾತ್ರಿಯಿಡೀ ಕುಳಿತು ಅರ್ಥ ಕೇಳಬಲ್ಲ ಜನಕ್ಕೆ ಅರ್ಧಗಂಟೆ ಚಿತ್ರದ ಮುಂದೆ ನಿಲ್ಲುವುದು ಕಷ್ಟವಾಗದು. ಭಾಷೆಯ ಕೊರತೆಯೂ ಇಲ್ಲ. ಶಿವರಾಮ ಕಾರಂತರು ‘ಭಾರತೀಯ ಚಿತ್ರಕಲೆ’, ‘ಕಲಾಪ್ರಪಂಚ’ಗಳನ್ನು ಬರೆದು, ಚಿತ್ರವನ್ನು ಕುರಿತು ಕನ್ನಡದಲ್ಲಿ ಮಾತಾಡುವ ದಾರಿಯನ್ನು ಎಂದೋ ತೋರಿಸಿಕೊಟ್ಟಿದ್ದಾರೆ.

ಚಿತ್ರಕ್ಕೆ ಮಾತು ಏಕೆ ಬೇಕು, ಅದು ಕಣ್ಣಿನ ವಿಷಯವಲ್ಲವೇ ಎಂಬ ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಅತಿಯಾಗಿ ಮಾತಾಡುವ ಅರ್ಥಧಾರಿ ಭಾಗವತರ ಪದವನ್ನೇ ಮರೆಸಿಬಿಡುವುದನ್ನು ನಾವು ಕಂಡಿದ್ದೇವೆ. ಗ್ಯಾಲರಿಯಲ್ಲೂ ಹಾಗೆಯೇ: ವಿವರಿಸುವವರ ಬೆನ್ನು ಚಿತ್ರವನ್ನು ಮರೆಮಾಡುವುದುಂಟು. ಈ ಭಯಕ್ಕೆ ಉತ್ತರ ನಮಗೆ ದೊರೆತದ್ದು ಒಂದು ಭಾನುವಾರ.

ನಮ್ಮ ಬಳಗದ ಹತ್ತು ಹನ್ನೆರಡು ಮಂದಿ ಅಂದು ಫೋರ್ಟಿಗೆ ಹೋಗಿದ್ದೆವು. ಜೊತೆಯಲ್ಲಿ ಹಿರಿಯರೊಬ್ಬರಿದ್ದರು. ಅದೇ ಪರಿಸರದ ಹೋಟೆಲೊಂದರಲ್ಲಿ ನಲವತ್ತು ವರ್ಷ ದುಡಿದವರು. ಗ್ಯಾಲರಿಯ ಮುಂದಿನ ಫುಟ್‌ಪಾತಿನಲ್ಲಿ ಸಾವಿರ ಸಲ ನಡೆದಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ‘ಅದು ದೊಡ್ಡವರದ್ದು ಅಂತ ಎಣಿಸಿದ್ದೆ’ ಎಂದರು. ಟಿಕೆಟ್ ಇಲ್ಲವೆಂದು ತಿಳಿದಾಗ ಅವರ ಮುಖದಲ್ಲಿ ಮೂಡಿದ್ದು ಸಂತೋಷಕ್ಕಿಂತ ಹೆಚ್ಚಾಗಿ ಸಂಕೋಚ. ಒಳಗೆ ಸುತ್ತಿ ಬಂದ ಮೇಲೆ ಕಟ್ಟೆಯ ಮೇಲೆ ಕುಳಿತು, ನಾವು ಕೊಂಡೊಯ್ದಿದ್ದ ಪುಸ್ತಕದಲ್ಲಿ ಹೆಬ್ಬಾರರ ಕೋಳಿಅಂಕದ ಚಿತ್ರವನ್ನು ತೆರೆದೆವು. ಆಕಾರ ಕರಗಿ ರಭಸವೇ ಉಳಿಯುವುದು, ಆಧುನಿಕತೆ ಇತ್ಯಾದಿ ನಾವು ಸಿದ್ಧಮಾಡಿಕೊಂಡಿದ್ದ ಮಾತನ್ನು ಹೇಳತೊಡಗಿದ್ದೆವು. ಅವರು ತಡೆದರು. ‘ಅಂಕದ ಕಳದಲ್ಲಿ ಹುಂಜ ಹಾರುವಾಗ ಹುಂಜ ಎಲ್ಲಿ ಕಾಣ್ತದೆ ಮಾರಾಯ್ರೆ? ಬಣ್ಣ ಮಾತ್ರ ಕಾಣುವುದು. ಇವರು ಅದನ್ನು ಸರಿಯಾಗಿ ನೋಡಿದ್ದಾರೆ.’ ಆಮೇಲೆ ಕುಕ್ಕುಟ ಪಂಚಾಂಗದ ವಿಷಯ, ಯಾವ ದಿನ ಯಾವ ಬಣ್ಣದ ಕೋಳಿಗೆ ಗೆಲುವು ಎಂಬ ಲೆಕ್ಕ, ಕಾಲಿಗೆ ಕತ್ತಿ ಕಟ್ಟುವವನ ಕೈಚಳಕ, ಹೀಗೆ ಮುಕ್ಕಾಲು ಗಂಟೆ ಅವರು ಹೇಳಿದರು, ನಾವು ಕೇಳಿದೆವು. ಅಂದಿನ ಅರ್ಥಧಾರಿ ಅವರೇ.

ಒಳ್ಳೆಯ ವಿವರಣೆ ಎಂದರೆ ಏನೆಂದು ನಮಗೆ ಆಗ ತಿಳಿಯಿತು. ನೋಡುವವರ ಬಾಯಲ್ಲಿ ಮಾತು ಹೊರಡುವ ತನಕ ಜೊತೆಗಿದ್ದು, ಹೊರಟ ಕೂಡಲೆ ಸುಮ್ಮನಾಗುವುದು. ಕನ್ನಡ ಬೇಕಾದುದು ಇದಕ್ಕಾಗಿ. ಇಂಗ್ಲಿಷಿನಲ್ಲಿ ಆ ಹಿರಿಯರು ಕೊನೆಯವರೆಗೂ ಕೇಳುಗರಾಗಿಯೇ ಉಳಿಯುತ್ತಿದ್ದರು. ಕೋಳಿಅಂಕದ ತಿಳಿವಳಿಕೆ ಅವರೊಳಗೇ ಇದ್ದುಬಿಡುತ್ತಿತ್ತು, ಹೆಬ್ಬಾರರ ಚಿತ್ರಕ್ಕೂ ನಮಗೂ ಅಷ್ಟು ನಷ್ಟ.

ಅಂಥವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಹೆಬ್ಬಾರರು ಕಣ್ಣಾರೆ ಕಂಡ ಊರನ್ನು ತಾವೂ ಕಂಡವರು ಮುಂಬಯಿಯಿಂದ ಊರಿಗೆ ಮರಳುತ್ತಿದ್ದಾರೆ, ಇಲ್ಲವೆ ಲೋಕದಿಂದಲೇ ತೆರಳುತ್ತಿದ್ದಾರೆ. ಅವರ ಮೊಮ್ಮಕ್ಕಳಿಗೆ ಗ್ಯಾಲರಿಯ ಮೆಟ್ಟಿಲ ಭಯವಿಲ್ಲ. ಆದರೆ ಕೋಳಿಅಂಕವೂ ತಿಳಿಯದು, ಕನ್ನಡವೂ ಅರ್ಧಂಬರ್ಧ. ಈ ಇಬ್ಬರನ್ನೂ ಒಂದೇ ಚಿತ್ರದ ಮುಂದೆ ನಿಲ್ಲಿಸಲು ನಮಗೆ ಉಳಿದಿರುವ ಕಾಲ ಹೆಚ್ಚಿಲ್ಲ. ಇದಕ್ಕೆ ಕಟ್ಟಡ ಬೇಡ, ಅನುದಾನ ಬೇಡ, ವೇದಿಕೆಯೂ ಬೇಡ. ಕಟ್ಟಡವನ್ನು 1952ರಲ್ಲಿಯೇ ಕಟ್ಟಿಕೊಟ್ಟಿದ್ದಾರೆ, ಕಟ್ಟಿಸುವಂತೆ ಕಾಡಿದವರಲ್ಲಿ ನಮ್ಮವರೂ ಇದ್ದರು. ತಿಂಗಳಿಗೊಂದು ಭಾನುವಾರ, ಒಬ್ಬ ಅಜ್ಜ ಅಥವಾ ಅಜ್ಜಿ, ಒಂದು ಮಗು, ಒಂದು ಚಿತ್ರ, ಅಷ್ಟು ಸಾಕು. ಮೇಜಿನ ಮೇಲೆ ಅಭಿಪ್ರಾಯ ಪುಸ್ತಕ ಇದ್ದೇ ಇರುತ್ತದೆ. ನಮ್ಮ ಹಿರಿಯರು ಅಂದು ಅದರಲ್ಲಿ ಕನ್ನಡದಲ್ಲಿಯೇ ಸಹಿ ಮಾಡಿ ಬಂದರು.