ಆವಿಯಾಗುವ ಕಳೆನಾಶಕ: ಸಿಂಪಡಣೆಗೆ ದಾಖಲೆ ಏಕೆ?

ಕಳೆನಾಶಕ ಸಿಂಪಡಿಸಿದ ಹೊಲ ಒಬ್ಬರದು, ಎಲೆ ಮುದುಡಿದ ಬೆಳೆ ಮತ್ತೊಬ್ಬರದು. ಅಮೆರಿಕದ ಸೋಯಾ, ಹತ್ತಿ ಸೀಮೆಗಳಲ್ಲಿ ಡೈಕಾಂಬಾ ಹುಟ್ಟುಹಾಕಿದ ವಿವಾದದ ಸಾರಾಂಶವಿದು. ಸಿಂಪಡಣೆಯ ದಾಖಲೆ ನಿಯಮಗಳು ಬಿಗಿಯಾದದ್ದು ಇದೇ ಹಿನ್ನೆಲೆಯಲ್ಲಿ.

ಆವಿಯ ಹಾದಿ

ಡೈಕಾಂಬಾ ಎರಡು ಬಗೆಯಲ್ಲಿ ನೆರೆಹೊಲ ತಲುಪುತ್ತದೆ. ಸಿಂಪಡಿಸುವಾಗಲೇ ಹನಿಗಳು ಗಾಳಿಯಲ್ಲಿ ತೇಲಿಹೋಗುವುದು ಒಂದು. ಎಲೆ, ಮಣ್ಣಿನ ಮೇಲೆ ಬಿದ್ದ ಔಷಧ ಗಂಟೆಗಳ ಅಥವಾ ದಿನಗಳ ನಂತರ ಆವಿಯಾಗಿ ಸಾಗುವುದು ಇನ್ನೊಂದು. ಇದನ್ನು ತಾಳಿಕೊಳ್ಳದ ಸೋಯಾ ಗಿಡದ ಎಲೆಗಳು ಬಟ್ಟಲಿನಂತೆ ಮುದುಡುತ್ತವೆ. ಲಕ್ಷಣ ಕಾಣುವಷ್ಟರಲ್ಲಿ ಒಂದರಿಂದ ಮೂರು ವಾರಗಳೇ ಕಳೆದಿರುತ್ತವೆ. ರಾಜ್ಯದ ಕೃಷಿ ಇಲಾಖೆಗೆ ದೂರು ಹೋದಾಗ ತನಿಖಾಧಿಕಾರಿ ಕೇಳುವುದು ದಾಖಲೆಯನ್ನೇ.

ಏನು ಬರೆಯಬೇಕು?

1990ರ ಕೃಷಿ ಕಾಯ್ದೆಯ ಪ್ರಕಾರ, ನಿರ್ಬಂಧಿತ ಪೀಡೆನಾಶಕ ಬಳಸುವ ರೈತರು ಔಷಧದ ಹೆಸರು, ನೋಂದಣಿ ಸಂಖ್ಯೆ, ಪ್ರಮಾಣ, ಬೆಳೆ, ಸ್ಥಳ, ವಿಸ್ತೀರ್ಣ, ದಿನಾಂಕ ಹಾಗೂ ಪ್ರಮಾಣಪತ್ರ ಪಡೆದ ಬಳಕೆದಾರರ ಹೆಸರು ಮತ್ತು ಸಂಖ್ಯೆಯನ್ನು 14 ದಿನಗಳೊಳಗೆ ಬರೆದು, 2 ವರ್ಷ ಕಾಪಾಡಬೇಕು. ನಿಗದಿತ ನಮೂನೆಯಿಲ್ಲ. ವಿಷಬಾಧಿತರಿಗೆ ಚಿಕಿತ್ಸೆ ನೀಡುವ ವೈದ್ಯರು ಕೇಳಿದರೆ ವಿವರವನ್ನು ಕೂಡಲೇ ಒದಗಿಸಬೇಕು.

ಬೆಳೆದು ನಿಂತ ಪೈರಿನ ಮೇಲೆ ಡೈಕಾಂಬಾ ಸಿಂಪಡಿಸಲು 2016ರ ನವೆಂಬರ್‌ನಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಅನುಮತಿಸಿತು. ಮರುವರ್ಷ ಸುಮಾರು 36 ಲಕ್ಷ ಎಕರೆ ಸೋಯಾ ಬಾಧಿತವಾಯಿತೆಂದು ಮಿಸೌರಿ ವಿಶ್ವವಿದ್ಯಾಲಯದ ಕೆವಿನ್ ಬ್ರಾಡ್ಲಿ ಅಂದಾಜಿಸಿದರು. 2017ರ ಅಕ್ಟೋಬರ್‌ನಲ್ಲಿ ಈ ಔಷಧಗಳು ನಿರ್ಬಂಧಿತ ಪಟ್ಟಿ ಸೇರಿದವು. ಸಿಂಪಡಣೆ ಆರಂಭಿಸಿದ ಮತ್ತು ಮುಗಿಸಿದ ವೇಳೆ, ಗಾಳಿಯ ವೇಗ ಮತ್ತು ದಿಕ್ಕು, ಉಷ್ಣಾಂಶ, ನಾಜಲ್, ಒತ್ತಡ, ಟ್ಯಾಂಕ್ ತೊಳೆದ ವಿವರ, ಸುತ್ತಲಿನ ಸೂಕ್ಷ್ಮ ಬೆಳೆಗಳ ಪರಿಶೀಲನೆ ಕೂಡ ದಾಖಲಾಗಬೇಕಾಯಿತು. 2018ರ ಪರಿಷ್ಕೃತ ಲೇಬಲ್ ಇದಕ್ಕೆ 72 ಗಂಟೆಗಳ ಗಡುವು ವಿಧಿಸಿತು.

ದಾಖಲೆಯ ಮಿತಿ

ಪುಸ್ತಕದಲ್ಲಿ ಉಳಿಯುವುದು ಸಿಂಪಡಿಸಿದ ವೇಳೆಯ ಗಾಳಿ ಮಾತ್ರ. ಮರುದಿನ ಎದ್ದ ಆವಿಗೆ ಅಲ್ಲಿ ಕಲಮಿಲ್ಲ. ಆದ್ದರಿಂದ ನಿಯಮ ಪಾಲಿಸಿದ ರೈತನ ದಾಖಲೆ ಸರಿಯಿದ್ದರೂ ನೆರೆಯವನ ಬೆಳೆ ಹಾಳಾಗಿರಬಹುದು.

2020ರ ಜೂನ್‌ನಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಅನುಮತಿಯನ್ನು ರದ್ದುಗೊಳಿಸಿತು. ಅಪಾಯವನ್ನು ಸಂಸ್ಥೆ ಕಡಿಮೆ ಅಂದಾಜಿಸಿದೆ, ಕೃಷಿ ಸಮುದಾಯಗಳಲ್ಲಿ ಮೂಡಿದ ಬಿರುಕನ್ನು ಗಣನೆಗೇ ತೆಗೆದುಕೊಂಡಿಲ್ಲ ಎಂದು ಅದು ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಹೊಸ ಷರತ್ತುಗಳೊಂದಿಗೆ ದೊರೆತ ಅನುಮತಿಯನ್ನು 2024ರ ಫೆಬ್ರವರಿಯಲ್ಲಿ ಅರಿಜೋನಾದ ಫೆಡರಲ್ ನ್ಯಾಯಾಲಯ ರದ್ದುಪಡಿಸಿತು. 2025ರ ಜುಲೈನಲ್ಲಿ ಸಂಸ್ಥೆ ಮತ್ತೆ ಅನುಮತಿಯ ಪ್ರಸ್ತಾವ ಮುಂದಿಟ್ಟಿತು.

ಬಿರುಕು ಬರಿಯ ಮಾತಿನದಲ್ಲ. 2016ರ ಅಕ್ಟೋಬರ್‌ನಲ್ಲಿ ಅರ್ಕಾನ್ಸಾದ ರೈತರೊಬ್ಬರು ಡೈಕಾಂಬಾ ಜಗಳದಲ್ಲಿ ಗುಂಡೇಟಿಗೆ ಬಲಿಯಾಗಿದ್ದರು.